ಗೊಬ್ಬರದ ಚೀಲದಲ್ಲಿ ಆಲೂಗಡ್ಡೆ



ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪಂಪನನ್ನೂ ಕುಮಾರವ್ಯಾಸನನ್ನೂ ಪಾಠ ಹೇಳಿದವನೊಬ್ಬ ಈ ದಿನ ಆಲೂಗಡ್ಡೆಯ ವಿಷಯವಾಗಿ ಮಾತನಾಡಲು ಕುಳಿತಿದ್ದಾನೆಂದರೆ ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ನಾನು ಕೃಷಿಪಂಡಿತನಲ್ಲ. ನಿವೃತ್ತನಾದ ಮೇಲೆ ಕೊಪ್ಪ, ಶೃಂಗೇರಿಗಳ ನಡುವಣ ನಮ್ಮ ಹಳೆಯ ಮನೆಗೆ ಹಿಂದಿರುಗಿ, ಅಂಗಳದ ಮೂಲೆಯಲ್ಲಿ ಡಬ್ಬಗಳನ್ನೂ ಚೀಲಗಳನ್ನೂ ಇಟ್ಟು ಆಲೂಗಡ್ಡೆ ಬೆಳೆಯಹೋಗಿ, ಒಂದು ವರ್ಷ ಪೂರ್ತಿ ಸೋತು, ಮರುವರ್ಷ ಅಷ್ಟಿಷ್ಟು ಗೆದ್ದವನು. ಗೆದ್ದದ್ದಕ್ಕಿಂತ ಸೋತದ್ದರಿಂದಲೇ ಕಲಿತದ್ದು ಹೆಚ್ಚು. ಆದಕಾರಣ ಅದನ್ನೇ ಮೊದಲು ಹೇಳುತ್ತೇನೆ.

ಪಟ್ಟಣದ ತಾರಸಿಯ ಮೇಲೆ ಕುಂಡದಲ್ಲಿ ತರಕಾರಿ ಬೆಳೆಯುವವರಿಗೆ ನೆಲವಿಲ್ಲ. ಅವರ ಕಷ್ಟ ಅರ್ಥವಾಗುತ್ತದೆ. ಸುತ್ತ ಎಕರೆಗಟ್ಟಲೆ ನೆಲವಿರುವ ಮಲೆನಾಡಿಗನಿಗೆ ಚೀಲವೇಕೆ ಎಂದು ನೀವು ಕೇಳಬಹುದು. ಕಾರಣ ಎರಡು. ನೆಲದೊಳಗೆ ಗೆಡ್ಡೆ ಕಟ್ಟಿತೆಂಬ ಸುದ್ದಿ ಮನೆಯವರಿಗಿಂತ ಮೊದಲು ಕಾಡುಹಂದಿಗೂ ಮುಳ್ಳುಹಂದಿಗೂ ತಿಳಿಯುತ್ತದೆ. ಎರಡನೆಯದು ಮಳೆ. ಕಿಗ್ಗದ ಋಷ್ಯಶೃಂಗೇಶ್ವರನಿಗೆ ಮಳೆ ಬರಲೆಂದು ಪೂಜೆ ಸಲ್ಲುವಂತೆಯೇ ಮಳೆ ನಿಲ್ಲಲೆಂದೂ ಪೂಜೆ ಸಲ್ಲುವ ಸೀಮೆ ನಮ್ಮದು. ಶೃಂಗೇರಿಯ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಇಲ್ಲಿ ಗಿಡಕ್ಕೆ ನೀರು ಕೊಡುವುದು ದೊಡ್ಡ ವಿದ್ಯೆಯಲ್ಲ, ಬುಡದಿಂದ ನೀರನ್ನು ಬಿಡಿಸುವುದೇ ವಿದ್ಯೆ. ಚೀಲದಲ್ಲಾದರೆ ಅದು ಸುಲಭವೆಂದು ನಾನು ಲೆಕ್ಕ ಹಾಕಿದೆ.

ಲೆಕ್ಕ ತಪ್ಪಿದ್ದು ಕಾಲದಲ್ಲಿ. ನನ್ನ ಉದ್ಯೋಗದ ಬಹುಕಾಲ ಹಾಸನದಲ್ಲಿ ಕಳೆದಿತ್ತು. ಆಲೂಗಡ್ಡೆಯೆಂದರೆ ಕರ್ನಾಟಕದಲ್ಲಿ ಮೊದಲು ನೆನಪಾಗುವ ಜಿಲ್ಲೆ ಅದು. ಅಲ್ಲಿ ಮೇ, ಜೂನಿನ ಮೊದಲ ಮಳೆಗೆ ಬಿತ್ತುತ್ತಾರೆ. ಆ ಪಂಚಾಂಗವನ್ನೇ ಮನಸ್ಸಿನಲ್ಲಿಟ್ಟುಕೊಂಡು, ಅಡುಗೆ ಎಣ್ಣೆಯ ಹಳೆಯ ತಗಡಿನ ಡಬ್ಬಗಳು ಮೂರನ್ನು ತೂತು ಮಾಡಿ, ಮಣ್ಣು ಗೊಬ್ಬರ ತುಂಬಿ, ಜೂನ್ ಮೊದಲ ವಾರ ಮೊಳಕೆಯೊಡೆದ ಗಡ್ಡೆಗಳನ್ನು ಊರಿದೆ. ಅತ್ತಿಗೆ ನೋಡಿ, “ಈ ಮಳೆಗಾಲದಲ್ಲಾ? ಗಣಪತಿ ಹಬ್ಬ ಕಳೆಯಲಿ ಮಾರಾಯ್ರೆ” ಎಂದರು. ಓದಿದವನ ಕಿವಿಗೆ ಅದು ಬೀಳಲಿಲ್ಲ. ಹಾಸನ ಪಟ್ಟಣದಲ್ಲಿ ಬೀಳುವ ಮಳೆ ಶೃಂಗೇರಿಯ ಮಳೆಯ ಮೂರರಲ್ಲೊಂದು ಪಾಲೂ ಆಗದೆಂಬುದನ್ನು ನಾನು ಮರೆತೇಬಿಟ್ಟಿದ್ದೆ.

ಗಿಡಗಳು ಹುಮ್ಮಸ್ಸಿನಿಂದಲೇ ಎದ್ದವು. ಜುಲೈ ನಡುವೆ ಒಂದು ವಾರ ಬಿಡದೆ ಮಳೆ ಹಿಡಿಯಿತು. ಎಲೆಯ ಅಂಚಿನಲ್ಲಿ ಬಿಸಿನೀರು ಚೆಲ್ಲಿದಂತೆ ಕಪ್ಪು ಕಲೆ ಕಾಣಿಸಿತು; ಮಗುಚಿ ನೋಡಿದರೆ ಅಡಿಯಲ್ಲಿ ಬಿಳಿಯ ಬೂಷ್ಟು. ನಾಲ್ಕೈದು ದಿನದೊಳಗೆ ಮೂರೂ ಡಬ್ಬಗಳ ಗಿಡ ಕರಗಿ, ಒಂದು ಬಗೆಯ ಕೊಳೆತ ವಾಸನೆ ಜಗಲಿಯವರೆಗೂ ಬಂತು. ಅಣ್ಣ ಒಂದು ಎಲೆಯನ್ನು ಕಿತ್ತು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. “ಇದು ನಮ್ಮ ಕೊಳೆರೋಗದ ನೆಂಟ ಅಲ್ವನ?” ಎಂದು ಕೇಳಿದ. ಐವತ್ತು ವರ್ಷ ಅಡಿಕೆ ತೋಟವನ್ನಲ್ಲದೆ ಬೇರೇನನ್ನೂ ಅಷ್ಟು ಹತ್ತಿರದಿಂದ ನೋಡದವನ ಮಾತು ಅದು. ಪುಸ್ತಕ ತೆಗೆದು ನೋಡಿದೆ. ಅವನು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು.

ಆಲೂಗಡ್ಡೆಯ ಅಂಗಮಾರಿ ರೋಗಕ್ಕೂ ಅಡಿಕೆಯ ಕೊಳೆರೋಗಕ್ಕೂ ಕಾರಣವಾದ ಜೀವಿಗಳು ಒಂದೇ ಕುಲದವು. ಆ ಕುಲಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು ಫೈಟಾಫ್ತೊರ. ಗ್ರೀಕ್ ಭಾಷೆಯಲ್ಲಿ ಗಿಡವನ್ನು ಕೆಡಿಸುವುದು ಎಂದು ಅದರ ಅರ್ಥ. ಎಲೆಯ ಮೇಲೆ ನಿಂತ ನೀರಿನ ಪೊರೆಯಲ್ಲಿ ಈಜಿಕೊಂಡು ಹರಡುವ ಬೀಜಕಣಗಳು ಅದಕ್ಕುಂಟು. ತಂಪು, ತೇವ, ಮೋಡ, ಇವಿಷ್ಟೇ ಅದಕ್ಕೆ ಬೇಕಾದ ಆತಿಥ್ಯ. ಜುಲೈ ತಿಂಗಳ ನಮ್ಮ ಅಂಗಳದಲ್ಲಿ ಇವು ಮೂರಕ್ಕೂ ಬರವಿಲ್ಲ.

ನಮ್ಮ ಬಾಲ್ಯದಲ್ಲಿ ಕೊಳೆರೋಗವೆಂದರೆ ಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಹಿಂದಿನವರು ಅಡಿಕೆಯ ಕೊನೆಗಳಿಗೆ ಹುಲ್ಲಿನ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಮಲೆನಾಡಿನ ಅಡಿಕೆ ಮರವನ್ನೇರಿದ್ದು ಅವರ ಕಾಲದಲ್ಲಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಪ್ರಮಾಣ ಇಂದಿಗೂ ನಮ್ಮ ಕಡೆ ಮಕ್ಕಳ ಬಾಯಲ್ಲಿದೆ. ಫ್ರಾನ್ಸಿನ ದ್ರಾಕ್ಷಿ ತೋಟಗಳ ರೋಗವೊಂದಕ್ಕೆ ಮಿಲಾರ್ದೆ ಎಂಬ ವಿದ್ವಾಂಸ 1885ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದ. ಅಂಗಮಾರಿಗೂ ಇದೇ ಮದ್ದಾಯಿತು.

ಆದರೆ ಐರ್ಲೆಂಡಿನ ಪಾಲಿಗೆ ಆ ಮದ್ದು ನಲವತ್ತು ವರ್ಷ ತಡವಾಗಿ ಬಂತು. 1845ರಲ್ಲಿ ಅಲ್ಲಿ ಅಂಗಮಾರಿ ಕಾಣಿಸಿಕೊಂಡಾಗ ಬಡವರ ಊಟವೆಂದರೆ ಆಲೂಗಡ್ಡೆಯೊಂದೇ ಆಗಿತ್ತು. ಅದರಲ್ಲಿಯೂ ಲಂಪರ್ ಎಂಬ ಒಂದೇ ತಳಿಯ ಮೇಲೆ ಲಕ್ಷಾಂತರ ಸಂಸಾರಗಳು ನಿಂತಿದ್ದವು. ಆಲೂಗಡ್ಡೆಯನ್ನು ಬೀಜದಿಂದಲ್ಲ, ಗಡ್ಡೆಯ ಹೋಳಿನಿಂದ ಬೆಳೆಸುತ್ತಾರಷ್ಟೆ. ಆದ್ದರಿಂದ ಒಂದು ತಳಿಯ ಗಿಡಗಳೆಲ್ಲವೂ ಒಂದೇ ಗಿಡದ ಪಡಿಯಚ್ಚುಗಳು. ಒಂದು ಸೋತರೆ ಎಲ್ಲವೂ ಸೋತಂತೆ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಅಷ್ಟೇ ಜನ, ಅಥವಾ ಇನ್ನೂ ಹೆಚ್ಚು, ಹಡಗು ಹತ್ತಿದರು. ಅದೇ ಅವಧಿಯಲ್ಲಿ ಆ ದೇಶದಿಂದ ಧಾನ್ಯ ಹೊರಕ್ಕೆ ಹೋಗುತ್ತಲೇ ಇತ್ತು. ರೋಗವೊಂದನ್ನೇ ದೂರಿ ಪ್ರಯೋಜನವಿಲ್ಲ. ಈ ಚರಿತ್ರೆ ನನಗೆ ಮೊದಲೇ ಗೊತ್ತಿತ್ತು. ಮೂರು ಡಬ್ಬಗಳ ಕೊಳೆತ ಗಿಡಗಳನ್ನು ಗುಂಡಿಗೆ ಹಾಕುವಾಗ ಮಾತ್ರ ಅದರ ವಾಸನೆ ಎಂಥದಿದ್ದೀತೆಂದು ತಿಳಿಯಿತು.

ಮರುವರ್ಷ ಅತ್ತಿಗೆಯ ಪಂಚಾಂಗವನ್ನೇ ಹಿಡಿದೆ, ಇನ್ನೂ ಸ್ವಲ್ಪ ಮುಂದಕ್ಕೆ ತಳ್ಳಿ ದೀಪಾವಳಿ ಕಳೆದ ಮೇಲೆ ನೆಟ್ಟೆ. ಆಲೂಗಡ್ಡೆ ಹುಟ್ಟಿದ್ದು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಎತ್ತರದಲ್ಲಿ. ಆ ತವರಿನ ನೆನಪು ಅದಕ್ಕೆ ಇನ್ನೂ ಹೋಗಿಲ್ಲ. ರಾತ್ರಿ ತಂಪಾಗಿದ್ದರೆ ಮಾತ್ರ ಗಡ್ಡೆ ಕಟ್ಟುತ್ತದೆ. ಸೆಖೆ ಹೆಚ್ಚಿದರೆ ಸೊಪ್ಪು ಬೆಳೆಸಿಕೊಂಡು ಸುಮ್ಮನಿರುತ್ತದೆ. ನಮ್ಮಲ್ಲಿ ನವೆಂಬರಿನಿಂದ ಜನವರಿಯವರೆಗಿನ ಇರುಳುಗಳು ಅದಕ್ಕೆ ಒಗ್ಗುತ್ತವೆ. ಮಳೆ ಬೇಗ ಹಿಂದೆಗೆಯುವ ನರಸಿಂಹರಾಜಪುರದ ಭದ್ರಾ ಹಿನ್ನೀರಿನ ಕಡೆಯವರು ಅಕ್ಟೋಬರ್ ನಡುವೆಯೇ ನೆಡಬಹುದು. ಕೊಪ್ಪದವರು ಇನ್ನೊಂದು ವಾರ ತಾಳಬೇಕು. ಶೃಂಗೇರಿ, ಕಿಗ್ಗಗಳ ಕಡೆಯವರು ಕಾರ್ತಿಕ ಬರುವವರೆಗೆ ಅವಸರ ಮಾಡದಿರುವುದು ಲೇಸು.

ತಗಡಿನ ಡಬ್ಬ ಬಿಸಿಲಿಗೆ ಕಾಯುತ್ತದೆಂದು ಅದನ್ನು ಬಿಟ್ಟು, ಗೊಬ್ಬರದ ಖಾಲಿ ಚೀಲಗಳನ್ನು ಚೆನ್ನಾಗಿ ತೊಳೆದು ತೆಗೆದುಕೊಂಡೆ. ಅಡಿಯಲ್ಲಿಯೂ ಪಕ್ಕದಲ್ಲಿಯೂ ಹತ್ತಾರು ತೂತು; ಚೀಲದ ಕೆಳಗೆ ಎರಡು ಇಟ್ಟಿಗೆ. ಮೇಲ್ಮಣ್ಣು ಒಂದು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಮರಳೂ ಪುಡಿಯಾದ ದರಗೂ ಸೇರಿ ಇನ್ನೊಂದು ಪಾಲು. ಹುಳಿಯಂಶವುಳ್ಳ ನಮ್ಮ ಕೆಂಪು ಮಣ್ಣು ಆಲೂಗಡ್ಡೆಗೆ ಹಿತವೇ, ಸುಣ್ಣ ಬೆರೆಸಬೇಕಾಗಿಲ್ಲ. ಗಡ್ಡೆಗಳನ್ನು ಮಂದ ಬೆಳಕಿನಲ್ಲಿಟ್ಟು ಮೊಳಕೆ ಬರಿಸಿ, ಹೋಳಿಗೆ ಎರಡೆರಡು ಕಣ್ಣಿರುವಂತೆ ಕೊಯ್ದು, ಗಾಯಕ್ಕೆ ಒಲೆಯ ಬೂದಿ ಸವರಿ ಎರಡು ದಿನ ಒಣಗಿಸಿದೆ. ಚೀಲದ ಬಾಯನ್ನು ಹೊರಕ್ಕೆ ಮಡಚಿ, ಒಂದು ಗೇಣು ಮಣ್ಣು ತುಂಬಿ, ಮೂರು ಹೋಳುಗಳನ್ನಿಟ್ಟು, ನಾಲ್ಕು ಬೆರಳು ಮಣ್ಣು ಮುಚ್ಚಿದೆ. ಗಿಡ ಗೇಣುದ್ದ ಎದ್ದಾಗ ಮಡಿಕೆ ಬಿಚ್ಚಿ, ತುದಿಯ ಎಲೆಗಳನ್ನು ಬಿಟ್ಟು, ಮತ್ತೆ ಮಣ್ಣು ಏರಿಸಿದೆ. ಎರಡು ಸಲ ಹೀಗೆ ಮಾಡಿದರೆ ಸಾಕು.

ಇಲ್ಲಿ ಒಂದು ಭ್ರಮೆಯನ್ನು ಕಳೆಯಬೇಕು. ಮಣ್ಣು ಏರಿಸಿದಷ್ಟೂ ಗೋಪುರದ ಅಂತಸ್ತುಗಳಂತೆ ಗಡ್ಡೆಯ ಮೇಲೆ ಗಡ್ಡೆ ಕಟ್ಟುತ್ತದೆಂದು ಕೆಲವರು ಹೇಳುತ್ತಾರೆ. ನನ್ನ ಚೀಲಗಳಲ್ಲಿ ಹಾಗಾಗಲಿಲ್ಲ. ಆಲೂಗಡ್ಡೆ ಬೇರಲ್ಲ, ನೆಲದೊಳಗೆ ಊದಿಕೊಂಡ ಕಾಂಡ. ಹೋಳನ್ನು ಊರಿದ ಮಟ್ಟದ ಆಸುಪಾಸಿನಲ್ಲಿಯೇ ಅದರ ಸಂಸಾರ. ಮಣ್ಣೇರಿಸುವುದರ ನಿಜವಾದ ಉಪಯೋಗ ಗಡ್ಡೆಗೆ ಬೆಳಕು ತಾಗದಂತೆ ಕಾಯುವುದು. ಬೆಳಕು ತಾಗಿದ ಗಡ್ಡೆ ಹಸುರಾಗಿ ಕಹಿಯಾಗುತ್ತದೆ. ಸೊಲನೈನ್ ಎಂಬ ವಿಷ ಅದರಲ್ಲಿ ಹೆಚ್ಚುತ್ತದೆ. ಅಂಥದನ್ನು ತಿನ್ನಬಾರದು.

ಬಿಸಿಲೂ ಬೇಕು. ಮರದ ನೆರಳಿನ ನಮ್ಮ ಅಂಗಳಗಳಲ್ಲಿ ಆರು ಗಂಟೆಯ ಬಿಸಿಲು ಬೀಳುವ ಜಾಗ ಹುಡುಕುವುದೇ ಕಷ್ಟ. ಸೂರ್ಯ ತಿರುಗಿದಂತೆ ಚೀಲವನ್ನು ಅತ್ತಿತ್ತ ಎಳೆದಿಡಬಹುದೆನ್ನುವುದು ಇದರ ಅನುಕೂಲ. ಮಾರ್ಗಶಿರದ ಇಬ್ಬನಿ ಎಲೆಯ ಮೇಲೆ ಬಹಳ ಹೊತ್ತು ನಿಲ್ಲದಂತೆ ಮೂಡಣ ಬೆಳಕು ಬೀಳುವ ಕಡೆ ಇಟ್ಟೆ. ಬೆರಳು ಮಣ್ಣಿಗಿಳಿಸಿ ಒಣಗಿದೆಯೆಂದು ಕಂಡರೆ ಮಾತ್ರ ನೀರು; ಅದೂ ಬುಡಕ್ಕೆ. ತೊಂಬತ್ತು ದಿನ ದಾಟಿ ಎಲೆ ಹಳದಿಯಾದ ಮೇಲೆ ನೀರು ನಿಲ್ಲಿಸಿ, ಹತ್ತು ದಿನ ಬಿಟ್ಟು, ಗೋಣಿ ಹಾಸಿ ಅದರ ಮೇಲೆ ಚೀಲವನ್ನು ಬೋರಲು ಹಾಕಿದೆ. ಐದು ಚೀಲಗಳಿಂದ ಸಿಕ್ಕಿದ್ದು ಆರು ಕಿಲೋ ಚಿಲ್ಲರೆ. ನನ್ನ ಶ್ರಮಕ್ಕೆ ಬೆಲೆ ಕಟ್ಟಿದರೆ ಇದು ಶುದ್ಧ ನಷ್ಟದ ಬಾಬು. ಆದರೂ ಆ ರಾತ್ರಿಯ ಪಲ್ಯದ ರುಚಿಯನ್ನು ನಾನು ಮರೆಯಲಾರೆ.

ಕನ್ನಡದ ಮೇಷ್ಟರಾಗಿ ಒಂದು ಮಾತು. ‘ಆಲು’, ‘ಆಲುಕ’ ಎಂಬುದು ಈ ಗಡ್ಡೆ ಭಾರತಕ್ಕೆ ಬರುವ ಮೊದಲೇ ಸಂಸ್ಕೃತದಲ್ಲಿ ತಿನ್ನುವ ಗೆಡ್ಡೆಗಳಿಗಿದ್ದ ಹೆಸರು. ಪೋರ್ಚುಗೀಸರ ಬಾಯಿಂದ ಕರಾವಳಿಗೆ ಬಂದ ‘ಬಟಾಟೆ’ಯೂ ಮೂಲದಲ್ಲಿ ಕೆರಿಬಿಯನ್ ದ್ವೀಪಗಳ ಜನ ಸಿಹಿಗೆಣಸಿಗೆ ಹೇಳುತ್ತಿದ್ದ ಮಾತು. ಹೀಗೆ ಹೋದಲ್ಲೆಲ್ಲ ಇನ್ನೊಂದು ಗೆಡ್ಡೆಯ ಹೆಸರು ಹೊತ್ತೇ ಇದು ಬದುಕಿದೆ. ನಮ್ಮ ಅಜ್ಜಿ ಶ್ರಾದ್ಧದ ದಿನ ಇದನ್ನು ಅಡುಗೆಮನೆಯ ಹೊಸಿಲು ದಾಟಿಸುತ್ತಿರಲಿಲ್ಲ. “ಅದು ಪರದೇಶಿ” ಎನ್ನುತ್ತಿದ್ದರು. ಅಂದು ಬೇಯುತ್ತಿದ್ದುದು ಕೆಸು, ಸುವರ್ಣಗೆಡ್ಡೆ, ಬಾಳೆಕಾಯಿ. ಇವೆಲ್ಲವೂ ಹಿತ್ತಿಲಿನವು. ಬಚ್ಚಲ ನೀರು ಹರಿದಲ್ಲಿ ಕೆಸು, ಬೇಲಿಗೆ ಹಬ್ಬಿದ ಮುಡ್ಲಿಗೆಡ್ಡೆ, ಗೊಬ್ಬರದ ಗುಂಡಿಯ ಬಳಿ ಸುವರ್ಣಗೆಡ್ಡೆ. ಯಾವುದಕ್ಕೂ ವಿಶೇಷ ಆರೈಕೆಯಿರಲಿಲ್ಲ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತಿತ್ತು. ಅಡಿಕೆಗೆ ಬೆಲೆ ಬಂದ ವರ್ಷಗಳಲ್ಲಿ ಆ ಹಿತ್ತಿಲಿಗೂ ಅಡಿಕೆ ಸಸಿಗಳು ಬಂದವು. ಆಗ ಅದನ್ನು ತಪ್ಪೆಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನ ಓದಿನ ಖರ್ಚು ಬಂದದ್ದು ಅದೇ ಅಡಿಕೆಯಿಂದ.

ಈಗ ಆ ತೋಟ ಹಳದಿಯಾಗುತ್ತಿದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕುಗಳ ಕೇಳುಗರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಹಳದಿ ಎಲೆ ರೋಗ ದಶಕಗಳಿಂದ ನಮ್ಮ ನಡುವೆ ಇದೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಅದಕ್ಕೆ ಕಾರಣವೆಂದು ಕಂಡುಕೊಂಡಿದ್ದಾರೆ. ಒಮ್ಮೆ ಹಿಡಿದ ಮರವನ್ನು ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ. ಬೋರ್ಡೋ ದ್ರಾವಣ ಇದರ ಮುಂದೆ ನಡೆಯದು. ಅದರ ಬೆನ್ನಿಗೇ ಎಲೆಚುಕ್ಕಿ ರೋಗ ಬಂದಿದೆ. ಅಣ್ಣನ ತೋಟದ ಕೆಳಗಿನ ಸಾಲುಗಳಲ್ಲಿ ಈ ವರ್ಷ ಕೊನೆ ತೆಗೆಯುವುದಕ್ಕೆ ಕೂಲಿಯವರನ್ನು ಕರೆಯಲೇ ಇಲ್ಲ. ಕರೆಯುವಷ್ಟು ಅಡಿಕೆ ಅಲ್ಲಿರಲಿಲ್ಲ.

ಆಲೂಗಡ್ಡೆ ಬೆಳೆದು ಅಡಿಕೆಯ ನಷ್ಟ ತುಂಬಿಕೊಳ್ಳಿ ಎಂದು ಹೇಳುವಷ್ಟು ಅವಿವೇಕಿ ನಾನಲ್ಲ. ಆರು ಕಿಲೋ ಗಡ್ಡೆ ಯಾವ ಬ್ಯಾಂಕಿನ ಸಾಲವನ್ನೂ ತೀರಿಸದು. ತೋಟದವರು ಕಾಳುಮೆಣಸು, ಕಾಫಿ, ಜಾಯಿಕಾಯಿಗಳತ್ತ ನೋಡುತ್ತಿರುವುದು ಸರಿಯಾದ ದಾರಿಯೇ. ನಾನು ಹೇಳುವುದು ಅದಕ್ಕಿಂತ ಚಿಕ್ಕ ಮಾತು. ಐರ್ಲೆಂಡಿನವರು ಬಡತನದಿಂದ ಒಂದೇ ಬೆಳೆಯ ಮೇಲೆ ನಿಂತರು. ನಾವು ಅನುಕೂಲದಿಂದ ನಿಂತೆವು. ಆಂಡೀಸಿನ ರೈತರು ಇಂದಿಗೂ ಒಂದೇ ಹೊಲದಲ್ಲಿ ಹತ್ತಾರು ಬಗೆಯ ಆಲೂಗಡ್ಡೆ ಕಲಸಿ ನೆಡುತ್ತಾರೆ, ಯಾವ ರೋಗ ಬಂದರೂ ಕೆಲವಾದರೂ ಉಳಿಯಲೆಂದು. ನಮ್ಮ ಅಜ್ಜಿಯ ಹಿತ್ತಿಲಿನಲ್ಲಿಯೂ ಇದ್ದದ್ದು ಅದೇ ವಿವೇಕ. ಹಿತ್ತಿಲನ್ನು ಮತ್ತೆ ಹಿತ್ತಿಲು ಮಾಡಲು ಐದು ಚೀಲಗಳಿಂದಲೂ ಶುರುಮಾಡಬಹುದು.

ಕಳೆದ ದೀಪಾವಳಿಗೆ ನನ್ನ ಚೀಲಗಳು ಎಂಟಾದವು. ಮೂರರಲ್ಲಿ ಮಾತ್ರ ಆಲೂಗಡ್ಡೆ. ಉಳಿದವುಗಳಲ್ಲಿ ಶುಂಠಿ, ಅರಿಸಿನ, ಸಿಹಿಗೆಣಸು. ನೆಟ್ಟು ವಾರವಾದ ಮೇಲೆ ಅಣ್ಣ ಬಂದು ಜಗಲಿಯಲ್ಲಿ ಕುಳಿತ. ಅದೂ ಇದೂ ಮಾತನಾಡಿ ಏಳುವಾಗ, “ಮೊಳಕೆ ಬಂದ ಗಡ್ಡೆ ಉಳಿದಿದ್ರೆ ಎರಡು ಕೊಡು ಮಾರಾಯ” ಎಂದ. ಕೊಟ್ಟೆ. ಈಗ ಅವನ ಅಂಗಳದಲ್ಲಿ ಎರಡು ಚೀಲಗಳಿವೆ. ಪ್ರತಿದಿನ ಬೆಳಿಗ್ಗೆ ತೋಟಕ್ಕೆ ಇಳಿಯುವ ಮುನ್ನ ಎಲೆಗಳನ್ನು ಮಗುಚಿ ಅಡಿಭಾಗ ನೋಡುತ್ತಾನಂತೆ, ಅತ್ತಿಗೆ ಹೇಳಿದರು.