ಚಾರ್‌ಮಿನಾರ್ ರೂಪಾಯಿ ಯಾಕೆ ಕಪ್ಪಾಯಿತು?

ಮಕ್ಕಳೇ, ರಾಯಚೂರು ಸೀಮೆಯ ಗಿಲ್ಲೆಸುಗೂರಿನ ಯಾವುದಾದರೂ ಹಳೇ ಮನೆಯ ಟ್ರಂಕಿನ ತಳದಲ್ಲಿ, ಮಡಿಸಿಟ್ಟ ಇಳಕಲ್ ಸೀರೆಯ ಕೆಳಗೆ, ಕಪ್ಪು ಬಿಲ್ಲೆಯೊಂದು ಸಿಕ್ಕರೆ ಎಸೆಯಬೇಡಿ. ಬೆಳಕಿಗೆ ಹಿಡಿಯಿರಿ. ನಾಲ್ಕು ಮಿನಾರು ಕಾಣುತ್ತವೆಯೇ? ನಡುವಿನ ಕಮಾನಿನೊಳಗೆ ಪುಟ್ಟ ಅಕ್ಷರ? ಅದು ಉರ್ದುವಿನ ‘ಐನ್’. ಉಸ್ಮಾನ್ ಎಂಬ ಹೆಸರು ಶುರುವಾಗುವುದು ಅದರಿಂದಲೇ. ಹೈದರಾಬಾದಿನ ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ರೂಪಾಯಿ ಅದು. ರಾಯಚೂರು, ಮಾನ್ವಿ, ದೇವದುರ್ಗ ಆಗ ಅವರ ಸಂಸ್ಥಾನದಲ್ಲಿದ್ದವು. ಈ ನಾಣ್ಯವನ್ನು ಜನ ಹಾಲಿ ಸಿಕ್ಕಾ ಅನ್ನುತ್ತಿದ್ದರು. ಬ್ರಿಟಿಷರ ರೂಪಾಯಿಗೆ ಕಲ್ದಾರ್ ಎಂಬ ಹೆಸರು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಭಾರತಕ್ಕೆ ಸೇರಿತು. ಆರೇ ತಿಂಗಳ ಮೇಲೆ, 1949ರ ಮಾರ್ಚ್ 31ರಂದು, ದೂರದ ಅಟ್ಲಾಂಟಿಕ್ ಕಡಲಿನ ನ್ಯೂಫೌಂಡ್‌ಲ್ಯಾಂಡ್ ಕೆನಡಾಕ್ಕೆ ಸೇರಿತು. ಕೆನಡಾದವರು ಆ ನೆನಪಿಗೆ ‘ಮ್ಯಾಥ್ಯೂ’ ಎಂಬ ಹಾಯಿಹಡಗಿನ ಚಿತ್ರವಿದ್ದ ಬೆಳ್ಳಿ ಡಾಲರ್ ಅಚ್ಚು ಹಾಕಿಸಿದರು. ನಮ್ಮಲ್ಲಿ 7 ಹಾಲಿಗೆ 6 ಭಾರತೀಯ ರೂಪಾಯಿ ಎಂಬ ಲೆಕ್ಕ ಬಂತು. ಹಳೆಯ ಹಣ ಮೆಲ್ಲಗೆ ಹಿಂದೆ ಸರಿದು, 1959ರಲ್ಲಿ ರದ್ದಾಯಿತು. ಟ್ರಂಕಿನಲ್ಲಿ ಉಳಿದ ಆ ಬಿಲ್ಲೆಯೇ ನಮ್ಮ ನೆನಪಿನ ನಾಣ್ಯ ಎಂದು ನನಗೆ ಅನ್ನಿಸುತ್ತದೆ.

ಅದು ಕಪ್ಪಾದದ್ದು ಹೇಗೆ? ಕಬ್ಬಿಣ ಗಾಳಿಯ ಆಮ್ಲಜನಕ ಮತ್ತು ನೀರು ಸೇರಿ ತುಕ್ಕು ಹಿಡಿಯುತ್ತದೆ. ಬೆಳ್ಳಿಗೆ ಆಮ್ಲಜನಕದ ಮೇಲೆ ಅಷ್ಟು ಮೋಹವಿಲ್ಲ, ಅದಕ್ಕೆ ಬೇಕಾದದ್ದು ಗಂಧಕ. ಬೇಕಾದರೆ ಅವ್ವನನ್ನು ಕೇಳಿ, ಹಳೆಯ ಬೆಳ್ಳಿ ಗೆಜ್ಜೆಯೊಂದನ್ನು ಬೇಯಿಸಿ ಬಿಡಿಸಿದ ಮೊಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ. ಒಂದೆರಡು ದಿನಕ್ಕೆ ಗೆಜ್ಜೆ ಮಂಕಾಗುತ್ತದೆ. ಮೊಟ್ಟೆಯಿಂದ ಹೊರಟ ಗಂಧಕದ ಅನಿಲ ಬೆಳ್ಳಿಯ ಮೈಗೆ ಅಂಟಿ ಬೆಳ್ಳಿ ಸಲ್ಫೈಡ್ ಎಂಬ ಕಪ್ಪು ಪದರವಾಗಿರುತ್ತದೆ. ಊರ ಗಾಳಿಯಲ್ಲೂ ಆ ಅನಿಲ ಚೂರುಚೂರು ಇದೆ, ಟ್ರಂಕಿನಲ್ಲಿ ಅದಕ್ಕೆ ಎಪ್ಪತ್ತು ವರ್ಷ ಸಿಕ್ಕಿತ್ತು!

ಅಪ್ಪಟ ಬೆಳ್ಳಿ ಮೆತ್ತಗಿರುವುದರಿಂದ ನಾಣ್ಯಕ್ಕೆ ತಾಮ್ರ ಬೆರೆಸುತ್ತಾರೆ. ಹಾಲಿ ರೂಪಾಯಿಯಲ್ಲಿ ಬಹುಕಾಲ ಸಾವಿರಕ್ಕೆ 818 ಪಾಲು ಬೆಳ್ಳಿ ಇತ್ತು, ಕೆನಡಾದ ಆ ಡಾಲರಿನಲ್ಲಿ 800. ಎರಡೂ ಒಂದೇ ಬಗೆಯಲ್ಲಿ ಕಪ್ಪಾಗುತ್ತವೆ.

ವಿಭೂತಿ ಹಾಕಿ ತಿಕ್ಕಬೇಡಿ. ಆ ಕಪ್ಪಿನೊಳಗೂ ಬೆಳ್ಳಿಯೇ ಇದೆ. ಉಜ್ಜಿದಷ್ಟೂ ಅದು ಬಟ್ಟೆಗೆ ಹತ್ತಿ ಹೋಗುತ್ತದೆ, ಕಮಾನಿನೊಳಗಿನ ‘ಐನ್’ ಸವೆಯುತ್ತದೆ. ನಾಣ್ಯವನ್ನು ಹಾಗೇ ಬಿಡಿ.

ಗೆಜ್ಜೆಗೆ ಮಾತ್ರ ಒಂದು ಉಪಾಯವಿದೆ. ಬಟ್ಟಲಿಗೆ ಅಲ್ಯೂಮಿನಿಯಂ ಹಾಳೆ ಹಾಸಿ, ಗೆಜ್ಜೆ ಅದಕ್ಕೆ ತಾಗುವಂತೆ ಇಟ್ಟು, ಅಡುಗೆ ಸೋಡಾ ಉದುರಿಸಿ, ದೊಡ್ಡವರ ಕೈಯಿಂದ ಬಿಸಿನೀರು ಹಾಕಿಸಿ. ಅಲ್ಯೂಮಿನಿಯಂ ತನ್ನ ಎಲೆಕ್ಟ್ರಾನ್‌ಗಳನ್ನು ಕೊಡುತ್ತದೆ, ಸಲ್ಫೈಡಿನೊಳಗಿನ ಬೆಳ್ಳಿ ಮತ್ತೆ ಬೆಳ್ಳಿಯಾಗುತ್ತದೆ. ಬಟ್ಟಲ ಹತ್ತಿರ ಕೊಳೆತ ಮೊಟ್ಟೆಯ ಸಣ್ಣ ವಾಸನೆ ಬಂದರೆ ಹೆದರಬೇಡಿ: ಬೆಳ್ಳಿ ಬಿಟ್ಟುಕೊಟ್ಟ ಗಂಧಕ ಅದು.