ಮನೆ ಬಿಚ್ಚುವ ವಿದ್ಯೆ

ಉಡುಪಿ, ಕಾಪು, ಕಾರ್ಕಳಗಳ ಕಡೆ ಹಳೆಯ ಮನೆಯನ್ನು ತೆಗೆಯುವುದಕ್ಕೆ ‘ಮನೆ ಬಿಚ್ಚುವುದು’ ಎನ್ನುವ ವಾಡಿಕೆಯುಂಟು. ಈ ಮಾತಿನಲ್ಲಿ ದೊಡ್ಡದೊಂದು ವಿವೇಕ ಅಡಗಿದೆ. ‘ಕಟ್ಟು’ ಎಂಬುದಕ್ಕೆ ‘ಬಿಚ್ಚು’ ಎಂಬುದು ವಿರುದ್ಧಪದವಷ್ಟೆ. ಗಂಟು ಬಿಚ್ಚುವವನು ಕೊನೆಗೆ ಹಾಕಿದ ಸುತ್ತನ್ನೇ ಮೊದಲು ಸಡಿಲಿಸುತ್ತಾನೆ. ಮನೆಯೂ ಹಾಗೆಯೇ, ಕಟ್ಟುವಾಗ ಕೊನೆಗೆ ಏರಿದ್ದು ಬಿಚ್ಚುವಾಗ ಮೊದಲು ಇಳಿಯಬೇಕು. ಕಟ್ಟಡ ಕೆಡಹುವಾಗಿನ ಸುರಕ್ಷತೆಗೆಂದೇ ಭಾರತೀಯ ಮಾನಕಗಳಲ್ಲಿ 4130ನೆಯದು ಇದೆ. ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಇಳಿಯಬೇಕೆಂಬುದೇ ಅದರ ಸಾರ.

ನಮ್ಮ ಹಳೆಯ ಮನೆಗಳ ಗೋಡೆ ಮುರಕಲ್ಲಿನದು ಇಲ್ಲವೆ ಮಣ್ಣಿನದು. ಎಷ್ಟೋ ಕಡೆ ಕಲ್ಲುಗಳ ನಡುವೆ ಇರುವುದು ಬರಿಯ ಕೆಸರು. ಮಾಡಿನ ಭಾರವೂ ತೊಲೆಗಳ ಹಿಡಿತವೂ ಅದನ್ನು ನೆಟ್ಟಗೆ ನಿಲ್ಲಿಸಿರುತ್ತವೆ. ಆದುದರಿಂದ ಹೆಂಚನ್ನು ಎರಡು ಪಾರ್ಶ್ವಗಳಿಂದಲೂ ಸಮಸಮನಾಗಿ ಇಳಿಸಬೇಕು. ಇಳಿಸಿದ್ದನ್ನು ಮುಚ್ಚಿಗೆಯ ಮೇಲೆ ಪೇರಿಸಬಾರದು. ಅನಂತರ ರೀಪು, ಪಕ್ಕಾಸು, ತೊಲೆ. ಆಮೇಲೆ ಗೋಡೆ, ಒಂದೊಂದೇ ವರಸೆಯಾಗಿ. ಮಾಡು ಕಳೆದುಕೊಂಡ ಮುಕ್ಕೋನದ ಗೋಡೆಯನ್ನು ಆಸರೆಯಿಲ್ಲದೆ ರಾತ್ರಿಗೆ ಬಿಡುವುದು ಅಪಾಯ.

ಕ್ರಮ ತಪ್ಪುವುದು ಎರಡು ಆಸೆಗಳಿಂದ. ಒಂದು, ಬೆಲೆಬಾಳುವ ದಾರಂದವನ್ನೂ ಕಂಬವನ್ನೂ ಮೊದಲೇ ಕಿತ್ತು ಮಾರುವುದು. ಮೇಲಿನ ಗೋಡೆಯನ್ನು ಹೊತ್ತದ್ದು ಅವೇ ಎಂಬುದು ಆಗ ಮರೆತುಹೋಗುತ್ತದೆ. ಇನ್ನೊಂದು, ಕೂಲಿ ಉಳಿಸಲೆಂದು ಗೋಡೆಯ ಬುಡ ಕೊರೆದು ಮೇಲಿನದನ್ನು ತಾನಾಗಿ ಬೀಳಿಸುವುದು. ಗೋಡೆ ಯಾವ ಕಡೆ ಬೀಳಲೆಂದು ನಮ್ಮನ್ನು ಕೇಳಿ ಬೀಳುವುದಿಲ್ಲ.

ಬಿಚ್ಚುವುದೂ ಒಂದು ವಿದ್ಯೆಯೆಂದು ತೋರಿಸಿಕೊಟ್ಟವರು ಮಣಿಪಾಲದ ವಿಜಯನಾಥ ಶೆಣೈ (1934–2017). ಕುಂಜೂರಿನ ಚೌಕಿಮನೆ, ಕಾರ್ಕಳದ ಬಳಿಯ ಮಿಯಾರಿನ ಮನೆ ಮೊದಲಾದುವನ್ನು ಬಿಚ್ಚಿ ತಂದು, ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಮರಳಿ ಕಟ್ಟಬೇಕೆಂಬ ಮನಸ್ಸಿನಿಂದ ಬಿಚ್ಚುವವನು ಅವಸರಪಡುವುದಿಲ್ಲ. ಯಾವುದು ಯಾವುದನ್ನು ಹೊತ್ತಿದೆಯೆಂದು ನೋಡಿಯೇ ಕೈಯಿಡುತ್ತಾನೆ.

ಸಿಡಿಮದ್ದಿನಿಂದ ಕ್ಷಣದಲ್ಲಿ ಕೆಡಹುವುದಿಲ್ಲವೆ ಎನ್ನುವಿರಿ. 2022ರ ಆಗಸ್ಟ್ 28ರಂದು ನೋಯ್ಡಾದ ಜೋಡಿ ಗೋಪುರಗಳು ಕೆಲವೇ ಸೆಕೆಂಡುಗಳಲ್ಲಿ ನೆಲಸಮವಾದುದು ನಿಜ. ಆದರೆ ಅದರ ಹಿಂದೆ ತಿಂಗಳುಗಟ್ಟಲೆ ಲೆಕ್ಕಾಚಾರವಿತ್ತು; ನೆರೆಯ ಸಾವಿರಾರು ಜನರನ್ನು ಮೊದಲೇ ತೆರವುಗೊಳಿಸಿದ್ದರು.

ನಿಮ್ಮ ಮನೆಯ ಮಟ್ಟಿಗೆ ಇಷ್ಟು ಮಾಡಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ. ಅಪ್ಪಣೆ ಪಡೆದು, ಬಲ್ಲ ಇಂಜಿನಿಯರರಿಗೆ ಒಮ್ಮೆ ತೋರಿಸಿ. ಗುಂಡಿ ಆರಿಸಿದರೆ ಸಾಲದು, ಕಂಬದಿಂದಲೇ ವಿದ್ಯುತ್ತನ್ನು ಕಡಿಸಿ. ಬಾವಿಗೆ ಹಲಗೆ ಮುಚ್ಚಿ, ಅಂಗಳದ ಸುತ್ತ ಬೇಲಿ ಹಾಕಿ ಮಕ್ಕಳನ್ನು ದೂರವಿಡಿ. ನೆರೆಮನೆಯ ಗೋಡೆ ತಾಗಿದ್ದರೆ ಮೊದಲೇ ಊರುಗೋಲು ಕೊಡಿಸಿ. ಗುತ್ತಿಗೆಗೆ ಬಂದವನನ್ನು, ದರ ಕೇಳುವ ಮುನ್ನ, ‘ಮೊದಲು ಯಾವುದನ್ನು ಇಳಿಸುತ್ತೀ?’ ಎಂದು ಕೇಳಿ.

ಹಿರಿಯರು ಆಯ ನೋಡಿ, ಮುಹೂರ್ತವಿಟ್ಟು ಕಟ್ಟಿದ ಮನೆ ಅದು. ಬಿಚ್ಚುವಾಗಲೂ ಅಷ್ಟೇ ಎಚ್ಚರವಿರಲಿ. ಮಾಡಿನ ಮೇಲೆ ಏರಿದವರು ಸಂಜೆಗೆ ತಮ್ಮ ಮನೆ ಸೇರಬೇಕಾದವರು.