ದಾಸವಾಳದ ಗಿಡ ಏಕೆ ಸೊರಗಿದೆ?



ಶಿವರಾತ್ರಿಗೆ ಚಳಿ 'ಶಿವಶಿವಾ' ಎಂದು ಹೊರಟುಹೋಗುತ್ತದೆ ಎಂಬುದು ಹಿರಿಯರ ಮಾತು. ಚಳಿಯೇನೋ ಹೋಯಿತು, ಅಂಗಳದ ದಾಸವಾಳ ಮಾತ್ರ ಚೇತರಿಸಿಕೊಂಡಿಲ್ಲ. ಎಲೆಗಳು ಹಳದಿಯಾಗಿ ಉದುರುತ್ತಿವೆ, ಮೊಗ್ಗುಗಳು ಅರಳುವ ಮೊದಲೇ ಕಳಚಿ ಬೀಳುತ್ತಿವೆ. ದಿನವೂ ಪೂಜೆಗೆ ಹೂ ಕೊಯ್ಯುತ್ತಿದ್ದ ಅಜ್ಜಿಗೆ ಚಿಂತೆ. 'ಗೊಬ್ಬರ ಹಾಕಿ' ಎನ್ನುತ್ತಾರೆ ಒಬ್ಬರು. 'ಔಷಧಿ ಹೊಡೆಯಿರಿ' ಎನ್ನುತ್ತಾರೆ ಇನ್ನೊಬ್ಬರು. 'ಕಿತ್ತುಹಾಕಿ, ಬೇರೆ ನೆಡಿ' ಎನ್ನುವವರೂ ಉಂಟು. ಇವುಗಳಲ್ಲಿ ಯಾವುದನ್ನು ಮಾಡುವ ಮೊದಲೂ ನಾವು ಗಿಡವನ್ನೇ ನಾಲ್ಕು ಪ್ರಶ್ನೆ ಕೇಳಬೇಕು.

ಮೊದಲನೆಯದು, ಗಿಡಕ್ಕೆ ಜೀವವಿದೆಯೇ? ಒಣಗಿದಂತೆ ಕಾಣುವ ಕೊಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆಯಿರಿ. ಒಳಗೆ ಹಸಿರು, ತೇವ ಕಂಡರೆ ಕೊಂಬೆ ಬದುಕಿದೆ. ಕಂದು ಬಣ್ಣವಾಗಿ ಒಣಗಿದ್ದರೆ, ಇನ್ನೂ ಕೆಳಗೆ ಕೆರೆದು ನೋಡಿ. ತುದಿ ಸತ್ತರೂ ಬುಡ ಬದುಕಿರಬಹುದು. ಹಸಿರು ಕಂಡಲ್ಲಿಯವರೆಗೆ ಕತ್ತರಿಸಿದರೆ ಸಾಕು, ಕೀಳಬೇಕಾಗಿಲ್ಲ.

ಎರಡನೆಯದು, ಬೇರು ಹೇಗಿದೆ? ದಾಸವಾಳ ಉಷ್ಣವಲಯದ ಗಿಡ. ಚಳಿಯಲ್ಲಿ ಅದರ ಬೆಳವಣಿಗೆ ನಿಧಾನವಾಗುತ್ತದೆ, ಅದು ಹೀರುವ ನೀರೂ ಕಡಿಮೆ. ನಾವಾದರೋ ಬೇಸಿಗೆಯಲ್ಲಿ ಹಾಕಿದಷ್ಟೇ ನೀರನ್ನು ದಿನವೂ ಸುರಿಯುತ್ತೇವೆ. ಮಣ್ಣಿನ ಕಣಗಳ ನಡುವೆ ಗಾಳಿ ಇರಬೇಕಾದ ಜಾಗದಲ್ಲೆಲ್ಲ ನೀರು ತುಂಬುತ್ತದೆ. ಬೇರಿಗೂ ಉಸಿರಾಡಲು ಆಮ್ಲಜನಕ ಬೇಕು. ಅದು ಸಿಗದೆ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆಗ ಮಣ್ಣು ಒದ್ದೆಯಾಗಿದ್ದರೂ ಎಲೆ ಬಾಡುತ್ತದೆ. ಬಾಡಿದ ಎಲೆಯನ್ನು ಕಂಡು ನಾವು 'ಪಾಪ, ಬಾಯಾರಿದೆ' ಎಂದು ಇನ್ನೊಂದು ಚೊಂಬು ನೀರು ಹಾಕುತ್ತೇವೆ! ಹೀಗೆ ಎಷ್ಟೋ ಗಿಡಗಳು ಚಳಿಯಿಂದಲ್ಲ, ನಮ್ಮ ಅಕ್ಕರೆಯಿಂದಲೇ ಸಾಯುತ್ತವೆ. ಆದ್ದರಿಂದ ಬೆರಳನ್ನು ಎರಡು ಅಂಗುಲ ಮಣ್ಣಿನೊಳಗೆ ಇಳಿಸಿ ನೋಡಿ. ಒಳಗೆ ತೇವವಿದ್ದರೆ ನೀರು ಬೇಡ. ಕುಂಡದಲ್ಲಿದ್ದರೆ ತಳದ ತೂತು ಕಟ್ಟಿಕೊಂಡಿದೆಯೇ ಎಂದೂ ಪರೀಕ್ಷಿಸಿ.

ಮೂರನೆಯದು, ಹಳದಿಯಾಗಿರುವುದು ಯಾವ ಎಲೆ? ಸಾರಜನಕ ಕಡಿಮೆಯಾದಾಗ ಗಿಡವು ಹಳೆಯ ಎಲೆಯಲ್ಲಿರುವುದನ್ನು ತೆಗೆದು ಚಿಗುರಿಗೆ ಸಾಗಿಸುತ್ತದೆ. ಹಾಗಾಗಿ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣದ ಅಂಶವನ್ನು ಹೀಗೆ ಸುಲಭವಾಗಿ ಸಾಗಿಸಲಾಗದು. ಅದರ ಕೊರತೆಯಾದರೆ ಎಳೆಯ ಎಲೆಯೇ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ, ಸುಣ್ಣ ಹೆಚ್ಚಾಗಿ ಮಣ್ಣು ಕ್ಷಾರವಾದರೆ ಅದು ಬೇರಿಗೆ ದಕ್ಕುವುದಿಲ್ಲ. ಹೊಸ ಕಟ್ಟಡದ ಗಾರೆ ಬಿದ್ದ ಜಾಗದಲ್ಲಿ ಇದು ಸಾಮಾನ್ಯ.

ನಾಲ್ಕನೆಯದು, ಬೇರೆ ಯಾರಾದರೂ ಗಿಡದ ರಸ ಹೀರುತ್ತಿದ್ದಾರೆಯೇ? ಎಲೆಯನ್ನು ಮಗುಚಿ ನೋಡಿ. ಹತ್ತಿಯಂತೆ ಬೆಳ್ಳಗೆ ಅಂಟಿಕೊಂಡಿದ್ದರೆ ಅದು ಹಿಟ್ಟು ತಿಗಣೆ. ಕೊಂಬೆಯ ಮೇಲೆ ಇರುವೆಗಳ ಸಾಲು ಇದ್ದರೆ ಅದೂ ಒಂದು ಸುಳಿವು. ತಿಗಣೆ ಹೊರಹಾಕುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಶತ್ರುಗಳಿಂದ ಕಾಯುತ್ತವೆ. ತೀರಾ ಮುತ್ತಿದ ರೆಂಬೆಗಳನ್ನು ಕತ್ತರಿಸಿ, ಉಳಿದವನ್ನು ರಭಸದ ನೀರಿನಿಂದ ತೊಳೆದು, ಬೇವಿನೆಣ್ಣೆಯನ್ನು ಸಾಬೂನು ನೀರಿನಲ್ಲಿ ಕದಡಿ ಸಂಜೆಯ ಹೊತ್ತು ಸಿಂಪಡಿಸಬಹುದು.

ಕೊನೆಯದಾಗಿ ಒಂದು ಎಚ್ಚರಿಕೆ. ನೀರು, ಗೊಬ್ಬರ, ಔಷಧಿ ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಗಿಡ ಚೇತರಿಸಿಕೊಂಡರೂ ಯಾವುದರಿಂದ ಎಂದು ತಿಳಿಯದು, ಸತ್ತರೂ ತಿಳಿಯದು. ಒಂದನ್ನು ಬದಲಿಸಿ, ಎರಡು ವಾರ ಕಾಯಿರಿ, ಕಂಡದ್ದನ್ನು ದಿನಾಂಕದೊಡನೆ ಬರೆದಿಡಿ. ಪ್ರಯೋಗಶಾಲೆಯಲ್ಲಿ ನೀವು ಕಲಿಯುವ ವಿಧಾನವೂ ಇದೇ ಅಲ್ಲವೇ?

ನಾಳೆ ಬೆಳಿಗ್ಗೆ ಗಿಡಕ್ಕೆ ನೀರು ಹಾಕುವ ಮೊದಲು ಒಮ್ಮೆ ಮಣ್ಣನ್ನು ಮುಟ್ಟಿ ನೋಡಿ.